ಸದುವಿನ ಎಲೆಗೆ ಏನು ಬಡಿಸುವುದು

ತುಳುವರ ಆಟಿ ತಿಂಗಳು ಶುರುವಾದ ಎಂಟನೆಯ ದಿನ ಮಂಗಳೂರಿನಿಂದ ದುಬೈಗೆ ಹೊರಟೆ. ಹೋಗಿ ಬರಲು ಇಪ್ಪತ್ಮೂರು ಸಾವಿರ ರೂಪಾಯಿ. ಪುತ್ತೂರಿನ ನನ್ನ ಹೊಲಿಗೆ ಅಂಗಡಿಗೆ ಐದು ದಿನ ಬೀಗ. ತಮ್ಮ ಸದಾನಂದ, ನಮಗೆಲ್ಲ ಸದು, ಇಪ್ಪತ್ತೆರಡು ವರ್ಷ ಅಲ್ಲಿ ಲಿಫ್ಟ್ ಕೂರಿಸುವ ಕೆಲಸ ಮಾಡಿ ಕಳೆದ ಫೆಬ್ರುವರಿಯಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ.

ನಮ್ಮಲ್ಲಿ ಸತ್ತವರಿಗೆ ಆಟಿಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು ಕ್ರಮ. ಸದುವಿಗೆ ಇದು ಮೊದಲ ಆಟಿ. "ಕೋಳಿ ಸಾರು, ಒಣ ರೊಟ್ಟಿ" ಎಂದರು ಅಮ್ಮ. ಸ್ವಲ್ಪ ಹೊತ್ತಿನ ಮೇಲೆ, "ಅದು ಅವ ಹತ್ತೊಂಬತ್ತು ವರ್ಷದಲ್ಲಿ ಹೋಗುವಾಗಿನ ಮಾತು. ಈಗ ಎಂತ ಇಷ್ಟ ಅಂತ ನಮಗೆ ಗೊತ್ತಿಲ್ಲ ಅಲ್ವಾ?" ಎಂದು ಕೇಳಿದರು. ಎರಡು ವರ್ಷಕ್ಕೊಮ್ಮೆ ಬಂದಾಗ ಇಟ್ಟದ್ದನ್ನು ಉಣ್ಣುತ್ತಿದ್ದ, ಏನೂ ಹೇಳುತ್ತಿರಲಿಲ್ಲ. ತಿಳಿದುಕೊಂಡು ಬರುತ್ತೇನೆ ಎಂದೆ.

ವಿಮಾನದಲ್ಲಿ ಮೂರೂವರೆ ಗಂಟೆಗಿಂತ ತುಸು ಹೆಚ್ಚು. ಹೊರಗೆ ನಲವತ್ಮೂರು ಡಿಗ್ರಿ. ನಮ್ಮೂರಿನ ಹಮೀದ್ ಕಾರು ತಂದಿದ್ದ. ದುಬೈಯ ದೇರಾ ಪೇಟೆಯಲ್ಲಿ ಅವನದು ಮಸಾಲೆ ಸಗಟು ವ್ಯಾಪಾರ. ವರ್ಷಕ್ಕೊಮ್ಮೆ ಸದುವಿಗೆ ನಾನು ಕಟ್ಟಿಕೊಡುತ್ತಿದ್ದ ಪೊಟ್ಟಣ ಅವನ ಕೈಯಲ್ಲೇ ಹೋಗುತ್ತಿತ್ತು.

"ಎಂತ ಅಣ್ಣ, ಕನ್ನಡಕ ಮಂಜಾಯ್ತಾ? ಇವತ್ತು ತಂಪು ಮಾರಾಯ್ರೆ. ಮೊನ್ನೆ ಬರ್ಬೇಕಿತ್ತು ನೀವು." ಅವನ ಫ್ಲಾಟಿನ ಒಂದು ಕೋಣೆಯಲ್ಲಿ ನಾಲ್ಕು ಮಂಚ. ನನಗೆ ಕಿಟಕಿಯ ಪಕ್ಕದ್ದನ್ನು ಬಿಟ್ಟುಕೊಟ್ಟ.

ಮರುದಿನ ಶುಕ್ರವಾರ, ನಮಾಜಿನ ನಂತರ ಸದು ಇದ್ದ ಮುಹೈಸ್ನಾಕ್ಕೆ ಹೋದೆವು. ಕೆಲಸಗಾರರ ಕಟ್ಟಡಗಳು ಸಾಲಾಗಿ, ಎಲ್ಲವೂ ಒಂದೇ ಬಣ್ಣ. ಗೇಟಿನಲ್ಲಿ ಪಾಸ್‌ಪೋರ್ಟ್ ಇಟ್ಟುಕೊಂಡು ಅರ್ಧ ಗಂಟೆ ಕೊಟ್ಟರು. ಮೂರನೆಯ ಮಹಡಿಯ ಕೋಣೆಯಲ್ಲಿ ದಿಲ್ ಬಹಾದೂರ್ ಎಂಬ ನೇಪಾಳಿ ಇದ್ದ. ಸದುವಿನ ಮಂಚದ ಮೇಲೆ ಈಗ ಬೇರೆಯವರ ಚಾದರ. ದಿಲ್ ಅದನ್ನು ಸರಿಸಿ ನನ್ನನ್ನು ಅಲ್ಲೇ ಕೂರಿಸಿದ.

ನಾನು ಕೋಳಿಯ ಮಾತೆತ್ತಿದ ಕೂಡಲೇ ತಲೆಯಲ್ಲಾಡಿಸಿದ. "ಕೋಳಿ ಖಲಾಸ್, ಭಾಯ್! ಆರು ವರ್ಷದಿಂದ ಇಲ್ಲಿ ಮುಟ್ಟಲಿಲ್ಲ. ಊರಿಗೆ ಹೋದರೆ ಮಾತ್ರ ಅಮ್ಮನಿಗಾಗಿ ತಿಂತೇನೆ ಅಂತಿದ್ದ."

ಆಮೇಲೆ ಆ ಕೋಣೆಯ ಪದ್ಧತಿ ಹೇಳಿದ. ಅಲ್ಲಿ ಆರು ಜನ, ನಾನಾ ದೇಶದವರು. ಯಾರ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೋ ಅವತ್ತು ಅವನು ಅಡುಗೆ ಮಾಡುವಂತಿಲ್ಲ, ಪಾತ್ರೆ ತೊಳೆಯುವಂತಿಲ್ಲ. ಅವನ ಊರಿನ ಊಟವನ್ನು ಉಳಿದವರು ಬೇಯಿಸಬೇಕು. ಆದರೆ ಯಾರೂ ತುತ್ತು ಮುಟ್ಟುವ ಮೊದಲು ಅವನು ನಿಂತು, ಬಿಳಿಯರನ್ನು ತನ್ನವರು ಹೇಗೆ ಎದುರಿಸಿದರು ಎಂದು ಹೇಳಬೇಕು.

"ನನಗೆ ದಿನವೇ ಇಲ್ಲ" ಎಂದು ದಿಲ್ ನಕ್ಕ. "ನೇಪಾಳವನ್ನು ಯಾವ ಗೋರಾ ಆಳಿದ? ಎಲ್ಲರೂ ತಮಾಷೆ ಮಾಡ್ತಿದ್ದರು, ಗುಲಾಮ ಆಗದವನಿಗೆ ರಜೆಯೂ ಇಲ್ಲ, ಯಲ್ಲಾ, ನಡಿ, ಪಾತ್ರೆ ತೊಳಿ ಅಂತ. ಸದು ಭಾಯ್ ತನ್ನ ಆಗಸ್ಟ್ ಹದಿನೈದರಲ್ಲಿ ಅರ್ಧ ನನಗೆ ಕೊಟ್ಟ. ಮಧ್ಯಾಹ್ನದ ಮೇಲೆ ನಂದು."

ಸದುವಿಗೆ ಏನು ಇಷ್ಟವಿತ್ತು ಎಂದು ಮತ್ತೆ ಕೇಳಿದೆ. "ಅದನ್ನು ಜೋಸೆಫ್‌ನ ಹತ್ತಿರ ಕೇಳಬೇಕು. ಅವನ ಊರಿನದು. ನನಗೆ ಸರಿಯಾಗಿ ಮಾಡಲು ಬರೋದಿಲ್ಲ." ಅದೇ ಕೋಣೆಯಲ್ಲಿದ್ದ ಕೀನ್ಯಾದ ಜೋಸೆಫ್ ಏಪ್ರಿಲ್‌ನಲ್ಲಿ ಅಬುಧಾಬಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗಿದ್ದ. ದಿಲ್ ಅವನಿಗೆ ಫೋನು ಮಾಡಿ ನಾಳೆ ನಾನು ಬರುತ್ತೇನೆ ಎಂದು ಹೇಳುವಷ್ಟರಲ್ಲಿ ನಮ್ಮ ಅರ್ಧ ಗಂಟೆ ಮುಗಿಯಿತು.

ಶನಿವಾರ ಒಬ್ಬನೇ ಹೊರಟೆ. ಒಂದು ದಿರ್ಹಮ್ ಕೊಟ್ಟು ದೋಣಿಯಲ್ಲಿ ಕಡಲ ಹಿನ್ನೀರಿನ ಆಚೆ ದಡಕ್ಕೆ, ಅಲ್ಲಿಂದ ಇಪ್ಪತ್ತೈದು ದಿರ್ಹಮಿಗೆ ಅಬುಧಾಬಿ ಬಸ್ಸು. ಎರಡು ಗಂಟೆಯ ದಾರಿ. ಬಸ್ಸಿನೊಳಗೆ ಚಳಿ ಹಿಡಿಯುವಷ್ಟು ಎ.ಸಿ. ನಿಲ್ದಾಣದಲ್ಲಿ ಎತ್ತರದ ಆಳೊಬ್ಬ ಯೂನಿಫಾರ್ಮಿನಲ್ಲೇ ಕಾಯುತ್ತಿದ್ದ. ಎರಡೂ ಕೈಯಿಂದ ನನ್ನ ಕೈ ಹಿಡಿದ. ಅವನ ಹಿಂದಿ ಗಲ್ಫಿನಲ್ಲಿ ಕಲಿತದ್ದು, ನನ್ನದು ಅದಕ್ಕಿಂತಲೂ ಕಡೆ. ಕ್ಯಾಂಟೀನಿನಲ್ಲಿ ಚಹಾ ತೆಗೆದುಕೊಂಡೆವು.

"ಉಗಾಲಿ" ಎಂದ ಜೋಸೆಫ್. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಲ್ಲಿ ಗಟ್ಟಿಯಾಗಿ ತಿರುವುವುದು. ಅವನ ಅಜ್ಜ ಬ್ರಿಟಿಷರ ವಿರುದ್ಧ ಕಾಡು ಸೇರಿದ್ದನಂತೆ. ಅಜ್ಜಿ ಆ ಹಿಟ್ಟನ್ನೇ ಉಟ್ಟ ಬಟ್ಟೆಯಲ್ಲಿ ಅಡಗಿಸಿ ಕಾಡಿಗೆ ಮುಟ್ಟಿಸುತ್ತಿದ್ದಳು. ಸಿಕ್ಕಿಬಿದ್ದು ಮುಳ್ಳುತಂತಿಯ ಶಿಬಿರದಲ್ಲಿ ಎರಡು ವರ್ಷ ಇದ್ದಳು. "ಡಿಸೆಂಬರ್ ಹನ್ನೆರಡಕ್ಕೆ ನಾನು ಇದನ್ನು ಹೇಳ್ತಿದ್ದೆ. ಮೊದಲ ವರ್ಷ ಸದು ಉಗಾಲಿ ಮಾಡಿದ, ಪೂರಾ ಗಂಟು, ಕಲ್ಲು! ನನ್ನ ಅಜ್ಜನ ಕೈಗೆ ಸಿಕ್ಕಿದ್ರೆ ಗೋರಾಗಳಿಗೆ ಎಸೀತಿದ್ದ ಅಂದೆ. ಆಮೇಲೆ ಕಲಿತ. ಪ್ರತಿ ಶುಕ್ರವಾರ ಅವನಿಗೆ ಅದೇ ಬೇಕು. ನಿಮ್ಮ ಮನೆಯ ಒಣ ಸಿಗಡಿ ಚಟ್ನಿ ಜೊತೆ."

ನನ್ನ ಪೊಟ್ಟಣದಲ್ಲಿ ಇರುತ್ತಿದ್ದದ್ದು ಆ ಚಟ್ನಿಯೇ.

"ಆಗಸ್ಟ್ ಹದಿನೈದಕ್ಕೆ ಅವನು ಏನು ಹೇಳುತ್ತಿದ್ದ?" ಎಂದು ಕೇಳಿದೆ.

ಜೋಸೆಫ್ ಲೋಟ ಕೆಳಗಿಟ್ಟ. "ಸಾವಿರದ ಎಂಟುನೂರ ಮೂವತ್ತೇಳು. ನಿಮ್ಮ ಬೆಟ್ಟದ ರೈತರು. ಸುಳ್ಯದಿಂದ ನಡೆದರು, ಪುತ್ತೂರಿನವರು ಸೇರಿದರು. ಮಂಗಳೂರು ಹಿಡಿದರು, ಗುಡ್ಡದ ಮೇಲೆ ಬಾವುಟ ಹಾರಿಸಿದರು. ಕುಂಪಣಿಯವರು ಓಡಿದರು. ಹದಿಮೂರು ದಿನ ನಿಮ್ಮದೇ ರಾಜ್ಯ. ಆಮೇಲೆ ಹಡಗಲ್ಲಿ ಸೈನ್ಯ ಬಂತು, ಗಲ್ಲು. ಹದಿಮೂರೇ ದಿನವಾ ಅಂತ ನಾವು ನಗ್ತಿದ್ದೆವು. ಹದಿಮೂರು ಅಂದ್ರೆ ಹದಿಮೂರು, ಅಂತಿದ್ದ. ದೊಡ್ಡಣ್ಣ ಆ ಗುಡ್ಡ ತೋರಿಸಿದ್ದು, ಐಸ್‌ಕ್ಯಾಂಡಿ ಕೊಡಿಸಿದ್ದು, ಅದನ್ನೂ ಪ್ರತಿ ವರ್ಷ ಹೇಳ್ತಿದ್ದ. ದೊಡ್ಡಣ್ಣ ನೀವೇ ಅಲ್ಲವಾ?"

ಹೌದು ಎಂದೆ. ಐಸ್‌ಕ್ಯಾಂಡಿ ನನಗೆ ನೆನಪಿರಲಿಲ್ಲ.

ಚಹಾದ ದುಡ್ಡು ಅವನೇ ಕೊಟ್ಟ. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಭಾನುವಾರ ಹಮೀದ್ ದೇರಾದ ಮೂರು ಅಂಗಡಿ ಸುತ್ತಿಸಿ ಎರಡು ಕಿಲೋ ಬಿಳಿ ಹಿಟ್ಟು ಕೊಡಿಸಿದ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದ ಅಧಿಕಾರಿ, "ಎಲ್ಲರೂ ಚಿನ್ನ ತರ್ತಾರೆ, ನೀವು ಹಿಟ್ಟಾ?" ಎಂದು ಕೇಳಿದರು. "ತಮ್ಮನಿಗೆ" ಎಂದೆ. ಬಿಟ್ಟರು.

ಮರುವಾರ ಬಡಿಸಿದೆವು. ಉಗಾಲಿ ನಾನು ತಿರುವಿದೆ, ಗಂಟಾಯಿತು. ಅಮ್ಮ ಸೌಟು ಕಿತ್ತುಕೊಂಡು ಸರಿಮಾಡಿದರು. ಎಲೆಯಲ್ಲಿ ಅದನ್ನಿಟ್ಟು, ಪಕ್ಕದಲ್ಲಿ ಸಿಗಡಿ ಚಟ್ನಿ ಇಟ್ಟೆವು. ನಾನು ಬಾಗಿಲಿಗೆ ಕೈ ಹಾಕಿದಾಗ ಅಮ್ಮ ತಡೆದರು. "ಮೊದಲು ಹೇಳ್ಬೇಕು ಅಂದಿದ್ದಿಯಲ್ಲ. ಹೇಳು."

ನಿಂತು ಹೇಳಿದೆ. ಸುಳ್ಯದಿಂದ ನಡೆದದ್ದು, ಬಾವುಟ, ಹದಿಮೂರು ದಿನ, ಎಲ್ಲ ಜೋಸೆಫ್ ಹೇಳಿದ ಕ್ರಮದಲ್ಲಿ. ಐಸ್‌ಕ್ಯಾಂಡಿಯನ್ನೂ ಬಿಡಲಿಲ್ಲ. ಅಮ್ಮ ಎಲೆಯನ್ನೇ ನೋಡುತ್ತಾ ಕೇಳಿದರು.

"ಆಯ್ತು" ಎಂದರು. "ಇನ್ನು ಬಾಗಿಲು ಎಳೆ. ಅವ ಉಣ್ಣಲಿ."