ತೊಟ್ಟಿಯ ಬಾಯಲ್ಲಿ ನಿಂತ ಮೇಡಂ

ಹಳಿಯಾಳ ರಸ್ತೆಯ ನಮ್ಮ ಸಣ್ಣ ಕಾರ್ಖಾನೆಗೆ ಮೇಡಂ ಸುರಕ್ಷತಾ ಅಧಿಕಾರಿಯಾಗಿದ್ದರು. ಮಾತಾಡುವ ಮುಂಚೆ ಕನ್ನಡಕ ಒರೆಸಿಕೊಂಡು, "ಮೊದಲ ಜೀವಾ, ಆಮ್ಯಾಲ ಕೆಲಸಾ" ಎನ್ನುವುದು ಅವರ ರೂಢಿ.

ಒಂದು ದಿನ ಕೊಳೆನೀರಿನ ತೊಟ್ಟಿಯ ಪಂಪು ಕೆಟ್ಟಿತು. ಅದನ್ನು ಸರಿಪಡಿಸಲು ಇಳಿಯಲೆಂದು ನಾನು ಏಣಿಗೆ ಕಾಲಿಟ್ಟಿದ್ದೆ. ಮೇಡಂ ಓಡಿಬಂದು ತೋಳು ಹಿಡಿದರು.

"ಒಳಗಿನ ಗಾಳಿ ಪರೀಕ್ಷೆ ಮಾಡಲಾರದ ಯಾರೂ ಇಳಿಯೂಹಂಗಿಲ್ಲ. ಕಾಯ್ದೆ ಐತ್ರಿ."

"ಮಷಿನ್ ನಿಂತಾವ ಮೇಡಂ, ಐದ ನಿಮಿಷದ ಕೆಲಸ!" ಎಂದು ಮ್ಯಾನೇಜರ್ ರೇಗಿದರು.

"ಹಂಗಾದ್ರ ನನ್ನ ನೌಕರಿಯಿಂದ ತಗೀರಿ. ನಾ ಇರೂತನಕ ಇಂವನ್ನ ಇಳಸೂದಿಲ್ಲ."

ಮೇಡಂ ವಿಷಗಾಳಿ ಪತ್ತೆಹಚ್ಚುವ ಯಂತ್ರವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅದು ಅರ್ಧದಲ್ಲೇ ಚೀರತೊಡಗಿತು; ಒಳಗೆ ವಿಷಗಾಳಿ ತುಂಬಿತ್ತು. ನಾನು ಏಣಿಯನ್ನು ಮೇಲಕ್ಕೆಳೆದುಕೊಂಡೆ. ಮೇಡಂ ಮುಚ್ಚಳ ಎಳೆದು ಬೀಗ ಹಾಕಿದರು.