ಮನೆಯೊಳಗೆ ಮಳೆ ಸುರಿಸುವ ರಾಕ್ಷಸ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೋಲಾರದ ಒಂದು ಸಣ್ಣ ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ತರಕಾರಿ ಮಂಡಿಗಳ ಜೊತೆಗೆ ಭಾನುವಾರದ ಮಕ್ಕಳ ಪುಟವೂ ನನ್ನ ಪಾಲಿಗೆ ಬಿದ್ದಿತ್ತು. ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಆ ಪುಟದ ದೆಸೆಯಿಂದಲೇ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯವರು ಕಥೆ ಹೇಳುವ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದರು.

ರಾಜಕುಮಾರರು, ಮಾತಾಡುವ ಗಿಳಿಗಳು ಎಲ್ಲ ಮುಗಿದ ಮೇಲೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಕಥೆಯ ರಾಕ್ಷಸನ ಮನೆಗೆ ಕಿಟಕಿಗಳಿದ್ದವು, ಆದರೆ ಎಲ್ಲಕ್ಕೂ ಗೋಣಿ ಪರದೆ. ಆಕಾಶದಲ್ಲಿ ಮೋಡವಿಲ್ಲದಿದ್ದರೂ ಒಳಗೆ ಮಳೆ ಸುರಿಯುವ ಸದ್ದು. ಅಲ್ಲಿ ರಾಕ್ಷಸ ಬಿಳಿ ಹಾವಿನ ಮರಿಗಳನ್ನು ಸಾಕುತ್ತಿದ್ದ. ಅವನು ಕೂಡಿಹಾಕಿದ ಹುಡುಗಿ ಅತ್ತರೆ ಮರಿಗಳು ಸಾಯುತ್ತವೆ, ಮರಿ ಸತ್ತರೆ ಇನ್ನಷ್ಟು ಹೊಡೆಯುತ್ತಾನೆ. ಅದಕ್ಕೇ ಅವಳು ಹೊಡೆತ ಬೀಳುವಾಗ ಬಾಯಿಗೆ ಸೊಪ್ಪು ತುರುಕಿಕೊಳ್ಳುತ್ತಾಳೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಇನ್ನೊಬ್ಬ ಹುಡುಗಿ ಕೂಗಿದಳು: "ಅದು ಹುಳದ ಮನೆ ಕಣೇ!"

"ಏಯ್, ಕಥೆ ಮಧ್ಯೆ ಬಾಯಿ ಹಾಕ್ಬಾರ್ದು," ಎಂದು ಮೇಷ್ಟ್ರು ಗದರಿದರು. ನಂತರ ಕಥೆ ಹೇಳುತ್ತಿದ್ದವಳನ್ನು ಕೇಳಿದರು: "ಕೊನೇಲಿ ರಾಕ್ಷಸ ಸತ್ತನಾ?"

"ಇಲ್ಲ ಸಾ. ಮರಿ ಹಣ್ಣಾದಾಗ ಬಾಗಲು ತೆಗೀತಾನೆ. ಆಮೇಲೆ ಬೇರೆ ಮರಿ ತರ್ತಾನೆ."

ಎಲ್ಲರೂ ನಕ್ಕರು. ಆ ಊರಿನ ಅರ್ಧಕ್ಕರ್ಧ ಮನೆಗಳಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹಣ್ಣಾಗಿ ಗೂಡು ಕಟ್ಟುವ ಮುಂಚೆ ಹುಳಗಳು ಹಗಲು ರಾತ್ರಿ ಸೊಪ್ಪು ಮೇಯುವಾಗ ಮಳೆ ಸುರಿದಂತೆಯೇ ಸದ್ದಾಗುತ್ತದೆ. ಇದು ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ಹುಳದ ಬೆಳೆ ನಡೆಯುತ್ತಿರುವಾಗ ಹೊರಗಿನವರು ಹುಳದ ಮನೆಗೆ ಕಾಲಿಡುವಂತಿಲ್ಲ, ಒಳಗೆ ಜೋರಾಗಿ ಮಾತಾಡುವಂತಿಲ್ಲ, ಒಳಗಿನ ಸಂಗತಿಯನ್ನು ಹೊರಗೆ ಹೇಳುವಂತಿಲ್ಲ. ಹೇಳಿದರೆ ಹುಳಕ್ಕೆ ದೃಷ್ಟಿ ತಾಕುತ್ತದೆಂದು ನಂಬಿಕೆ. ಮಗುವನ್ನು ಹೊಡೆಯಲು ಇದಕ್ಕಿಂತ ಅನುಕೂಲವಾದ ಕೋಣೆಯನ್ನು ನಾನು ನೋಡಿಲ್ಲ.

ಬಹುಮಾನವಾಗಿ ಒಂದು ಪೆನ್ಸಿಲ್ ಡಬ್ಬಿ ಕೊಟ್ಟ ಮೇಲೆ ಅವಳನ್ನು ಶಾಲೆಯ ಜಗಲಿಗೆ ಕರೆದು, ಮೇಷ್ಟ್ರ ಎದುರಿಗೇ ಕೇಳಿದೆ: "ಈ ಕಥೆ ಯಾರಮ್ಮ ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ ಸಾ. ಸುಮ್ನೆ ಕಥೆ," ಎಂದು ಲಂಗವನ್ನು ಕೆಳಗೆ ಎಳೆದುಕೊಂಡಳು. ಮೀನಖಂಡದ ಮೇಲೆ ಹಿಪ್ಪುನೇರಳೆ ಕಡ್ಡಿಯ ಬಾಸುಂಡೆಗಳಿದ್ದವು. ಕೆಲವು ಒಣಗಿದ್ದವು, ಕೆಲವು ಹಸಿ.

ಅವಳು ಹೋದ ಮೇಲೆ ಮೇಷ್ಟ್ರು ದನಿ ತಗ್ಗಿಸಿ ಹೇಳಿದರು. ಅಪ್ಪ ಅಮ್ಮ ಇಲ್ಲದ ಹುಡುಗಿ, ಚಿಕ್ಕಪ್ಪನ ಮನೆಯಲ್ಲಿದ್ದಾಳೆ. "ಅವನಿಗೆ ಕೋಪ ಜಾಸ್ತಿ ಸಾರ್. ಆದ್ರೂ ಅನ್ನ ಹಾಕ್ತಾವ್ನಲ್ಲ. ನಂಗಲಿಯಲ್ಲಿ ತಾಯಿಯ ತಾಯಿ ಐತೆ. ಆ ಮುದುಕಿ ಎಷ್ಟು ಸಲ ಕೇಳಿದ್ರೂ ಇವನು ಕಳಿಸಲ್ಲ. ಸೊಪ್ಪು ಕೊಯ್ಯೋಕೆ ಕೈ ಬೇಕಲ್ಲ?"

ಅವಳನ್ನು ಅಜ್ಜಿಯ ಹತ್ತಿರ ಕಳಿಸಿದರೆ ಸಾಕಿತ್ತು. ಅದಕ್ಕೆ ಯಾರ ಒಪ್ಪಿಗೆ ಬೇಕೋ ಅವನ ಮನೆಗೇ ಇಬ್ಬರೂ ಹೋದೆವು. ಚಿಕ್ಕಪ್ಪ ಜಗಲಿಯ ಮೇಲೆ ಚಾಪೆ ಹಾಕಿ ಕಾಫಿ ತರಿಸಿದ. "ಬೆಳೆ ಐತೆ ಸಾ, ಒಳಕ್ಕೆ ಕರಿಯೋಕಾಗಲ್ಲ, ತಪ್ಪು ತಿಳ್ಕೋಬೇಡಿ," ಎಂದ. ಹುಡುಗಿಯ ಮಾತೆತ್ತಿದಾಗ ನಗುತ್ತಲೇ ಹೇಳಿದ: "ನಮ್ಮಣ್ಣನ ಮಗಳು ಸಾ. ನಾನ್ ಹೊಡೀದೆ ನೀವು ಕೋಲಾರದಿಂದ ಬಂದು ಹೊಡೀತೀರಾ?" ಮೇಷ್ಟ್ರೂ ನಕ್ಕರು. ಠಾಣೆಯಲ್ಲಿ ನನಗೆ ಪರಿಚಯವಿದ್ದ ಪೇದೆ ಹೇಳಿದ್ದು: "ಮನೆ ಮಗೂಗೆ ಹೊಡೆದ್ರು ಅಂತ ಹಿಡ್ಕೊಂಡು ಬಂದ್ರೆ ಕೂರಿಸೋಕೆ ಈ ಸ್ಟೇಷನ್ ಸಾಲಲ್ಲ ಸಾರ್."

ವರದಿ ಬರೆದುಕೊಟ್ಟೆ. ಸಂಪಾದಕರು ಓದಿ ಪಕ್ಕಕ್ಕಿಟ್ಟರು. "ಇದು ಸುದ್ದಿ ಅಲ್ಲ ಕಣಯ್ಯ, ಮನೆ ವಿಷಯ. ಆ ಹುಡುಗಿ ಕಥೆ ಮಾತ್ರ ಚೆನ್ನಾಗಿದೆ, ಭಾನುವಾರಕ್ಕೆ ಹಾಕು. ಕೊನೇಲಿ ರಾಕ್ಷಸ ಸಾಯಬೇಕು ಅಷ್ಟೆ. ಮಕ್ಕಳು ಓದೋದಲ್ವಾ?" ನಾನು ಬೇಡವೆಂದೆ. ಅವರೇ ಕಥೆಗೊಬ್ಬ ರಾಜಕುಮಾರನನ್ನು ಸೇರಿಸಿ, ಅವನ ಕೈಗೆ ಕತ್ತಿ ಕೊಟ್ಟು, ಎರಡು ಸಾಲಿನಲ್ಲಿ ರಾಕ್ಷಸನನ್ನು ಕೊಂದರು. ಪತ್ರಿಕೆಗೆ ಚಿತ್ರ ಬರೆಯುವವನು ರಾಕ್ಷಸನಿಗೆ ದೊಡ್ಡ ಮೀಸೆ ಬರೆದ. ಮಕ್ಕಳ ಕಲ್ಪನೆಗೆ ಎಲ್ಲೆಯೇ ಇಲ್ಲ ಎಂದು ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು. ಅದರಲ್ಲಿ ಕಲ್ಪನೆ ಎನ್ನಬಹುದಾಗಿದ್ದದ್ದು ಸಂಪಾದಕರ ಎರಡು ಸಾಲು ಮಾತ್ರ.

ಹುಡುಗಿಯ ಹೆಸರಿನ ಸಮೇತ ಪತ್ರಿಕೆ ಹಳ್ಳಿಯ ಟೀ ಅಂಗಡಿ ತಲುಪಿತು. "ಏನ್ಲಾ, ನಿಮ್ಮನೆ ಮಗು ಪೇಪರ್‌ನಾಗೆ ಬಂದೈತೆ!" ಎಂದು ಜನ ಚಿಕ್ಕಪ್ಪನ ಬೆನ್ನು ತಟ್ಟಿದರು. ಆ ವಾರವೇ ಅವನ ಹುಳಕ್ಕೆ ಹಾಲುತೊಂಡೆ ರೋಗ ಬಂತು. ಹುಳಗಳು ಊದಿಕೊಂಡು, ಒಡೆದು, ತಟ್ಟೆ ತಟ್ಟೆಯೇ ತಿಪ್ಪೆಗೆ ಹೋಯಿತು.

ನಾನು ಮತ್ತೆ ಹೋದಾಗ ಅವನು ಜಗಲಿಯ ಮೇಲೆ ತಲೆ ಹಿಡಿದು ಕೂತಿದ್ದ. "ನನ್ನ ರಾಕ್ಷಸ ಅಂದ್ಲು, ಅನ್ಲಿ ಬಿಡಿ ಸಾ. ಹುಳದ ಮನೆ ಒಳಗಿಂದು ಊರಿಗೆಲ್ಲಾ ಹೇಳಿಬಿಟ್ಲಲ್ಲ! ಇವಳ ಬಾಯಿಂದ ಬೆಳೆ ಹೋಯ್ತು. ಇನ್ನೊಂದು ಬೆಳೆಗೆ ಇವಳು ಇಲ್ಲಿರ್ಬಾರ್ದು. ಮುದುಕಿಗೆ ಹೇಳಿ ಕಳಿಸಿದೀನಿ."

ಊರಿನ ದೊಡ್ಡವರಲ್ಲಿ ಅವಳ ಕಥೆಯನ್ನು ನಿಜವೆಂದು ತಿಳಿದು ನಡೆದುಕೊಂಡವನು ಅವನೊಬ್ಬನೇ.

ಅಜ್ಜಿ ಮಾರನೆಯ ದಿನವೇ ಬಂದಳು. ಬಸ್ಸಿಗೆ ಕಾಯುವ ಕಟ್ಟೆಯ ಹತ್ತಿರ ಹೆಂಗಸರು ಸೇರಿದ್ದರು. "ಪಾಪ, ಎಂಥಾ ಬೆಳೆ ಕೈಗೆ ಬಂದಿತ್ತು," ಎಂದು ಚಿಕ್ಕಪ್ಪನಿಗೆ ಸಮಾಧಾನ ಹೇಳುತ್ತಿದ್ದರು. ಮೇಷ್ಟ್ರು ಹುಡುಗಿಯ ತಲೆ ಸವರಿ ಬುದ್ಧಿ ಹೇಳಿದರು: "ಅಲ್ಲಾದ್ರೂ ಒಳ್ಳೊಳ್ಳೆ ಕಥೆ ಹೇಳಮ್ಮ."

"ದಾ ಅಮ್ಮಾ, ಪೋದಾಂ," ಬಾ ಹೋಗೋಣ ಎಂದು ಅಜ್ಜಿ ತೆಲುಗಿನಲ್ಲಿ ಕರೆದು ಕೈ ಚಾಚಿದಳು. ಹುಡುಗಿ ಕೈ ಕೊಡಲಿಲ್ಲ.

"ಅಮ್ಮಮ್ಮಾ, ನಿಮ್ಮನೇಲಿ ಹುಳ ಐತಾ?"

"ಇಲ್ಲಮ್ಮಾ. ಒಂದು ಮೇಕೆ ಐತೆ, ಅಷ್ಟೇ."

"ಮೇಕೆ ಸತ್ರೆ?" ಎಂದು ಕೇಳಿದಳು.