ಅಕ್ಕನ ಮೇಲಿನ ದನಿ

ಗುಬ್ಬಿಯ ಶಾಲೆಯೊಂದರ ಆಫೀಸಿನಲ್ಲಿ ದಿನವಿಡೀ ಕೂತು, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ತುಮಕೂರಿಗೆ ಬಂದು, ಮನೆಗೂ ಹೋಗದೆ ನೇರ ಚರ್ಚಿಗೆ ಹೋಗಿ ಹಾಡು ಕಲಿಸುತ್ತೇನೆ. ಇದೆಲ್ಲ ಭಕ್ತಿಯಿಂದ ಅಂತ ಜನ ತಿಳಿದುಕೊಂಡಿದ್ದಾರೆ. ಭಕ್ತಿ ಇತ್ತು, ಇಲ್ಲ ಅನ್ನುವುದಿಲ್ಲ. ಈಗ ಮೊಣಕಾಲು ನೋವೂ ಇದೆ. ನಮ್ಮ ಕ್ವಾಯರಿನಲ್ಲಿ ಎಂಟು ಜನ. ಎಂಟೂ ಜನ ಒಟ್ಟಿಗೆ ಪ್ರಾಕ್ಟೀಸಿಗೆ ಬಂದ ದಿನವನ್ನು ನಾನು ಕಂಡಿಲ್ಲ. ಒಬ್ಬರಿಗೆ ನೆಂಟರ ಮದುವೆ, ಒಬ್ಬರಿಗೆ ಜ್ವರ, ಒಬ್ಬರಿಗೆ ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ಇನ್ನು ಸಾಕು, ಬಿಡುತ್ತೇನೆ ಅಂತ ಪ್ರತಿ ವರ್ಷ ಪಾಸ್ಕ ಹಬ್ಬ, ಅಂದರೆ ಈಸ್ಟರ್, ಮುಗಿದ ಮೇಲೆ ಹೇಳುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ವರ್ಷವೆಲ್ಲ ನಾವು ಹಾಡುವುದು ಕನ್ನಡದಲ್ಲೇ. ಹಳೆಯ ಲ್ಯಾಟಿನ್ ಹಾಡುಗಳಲ್ಲಿ ನಮಗೆ ಉಳಿದಿರುವುದು ಒಂದೇ, ಅದೂ ಪಾಸ್ಕಕ್ಕೆ ಮೂರು ದಿನ ಮೊದಲಿನ ಪವಿತ್ರ ಗುರುವಾರದ ಸಂಜೆಗೆ. ಅಂದಿನ ಪೂಜೆಯ ಕೊನೆಯಲ್ಲಿ ಫಾದರ್ ಪರಮಪ್ರಸಾದದ ಪಾತ್ರೆಯನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿ ಹಿಡಿದು, ದೊಡ್ಡ ಪೀಠದಿಂದ ಪಕ್ಕದ ಸಣ್ಣ ಪೀಠಕ್ಕೆ ಮೆರವಣಿಗೆಯಲ್ಲಿ ತರುತ್ತಾರೆ. ಆಗ ಈ ಹಾಡು. ಆ ಸಂಜೆ ಮಹಿಮಾ ಗೀತೆ ಆದಮೇಲೆ ಗಂಟೆ ಬಾರಿಸುವಂತಿಲ್ಲ, ಕೀಬೋರ್ಡ್ ಮುಟ್ಟುವಂತಿಲ್ಲ. ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ. ಹಾಡಿಗೆ ಬರೀ ಗಂಟಲೇ ಗತಿ; ತಪ್ಪಿದರೆ ಮುಚ್ಚಿಹಾಕಲು ಏನೂ ಸಿಗುವುದಿಲ್ಲ.

ಅದನ್ನು ನನಗೂ ಅಕ್ಕನಿಗೂ ಕಲಿಸಿದವರು ಆಗ ಕ್ವಾಯರ್ ನೋಡಿಕೊಳ್ಳುತ್ತಿದ್ದ ಡ್ರಾಯಿಂಗ್ ಮೇಷ್ಟ್ರು. ಲ್ಯಾಟಿನ್ನನ್ನು ಕನ್ನಡ ಅಕ್ಷರಗಳಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದು, ರಾಗ ಏರುವ ಕಡೆ ಮೇಲಕ್ಕೊಂದು ಬಾಣ, ಇಳಿಯುವ ಕಡೆ ಕೆಳಕ್ಕೊಂದು ಬಾಣ, ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಗೀಟು ಹಾಕಿಕೊಡುತ್ತಿದ್ದರು. ಹಾಡಿಗೆ ಎರಡು ದನಿ. ಮೇಲಿನ ದನಿಯೇ ಅದರ ನಿಜವಾದ ರಾಗ. ಕೆಳಗಿನದು ಅದಕ್ಕೆ ಆಸರೆಯಾಗಿ ಜೊತೆಗೆ ನಡೆಯುವಂಥದ್ದು. ಮೇಷ್ಟ್ರು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಪಕ್ಕದವರದು ಕಣ್ಣಿಗೆ ಬಿದ್ದರೆ ನಮ್ಮದು ತಪ್ಪುತ್ತದಂತೆ. ಅದಕ್ಕೇ ಅಕ್ಕನ ಪುಸ್ತಕದಲ್ಲಿ ಮೇಲಿನ ದನಿ ಮಾತ್ರ, ನನ್ನ ಪುಸ್ತಕದಲ್ಲಿ ಕೆಳಗಿನದು ಮಾತ್ರ. ಅಕ್ಕ ಮೇಲಕ್ಕೆ ಏರಿದಾಗ ಮುಂದಿನ ಸಾಲಿನ ಮುದುಕಿಯರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ದನಿ ಇದೆಯೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು ಇತ್ತು. ಅದನ್ನೂ ಹೇಳಿಬಿಡುತ್ತೇನೆ.

ಅಕ್ಕ ಮದುವೆಯಾಗಿ ಕುಣಿಗಲ್ಲಿಗೆ ಹೋದಳು. ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಆ ಪುಸ್ತಕವೂ ಹೋಯಿತು. ಮರುವರ್ಷ ಮೇಷ್ಟ್ರು ತೀರಿಕೊಂಡರು. ಪವಿತ್ರ ಗುರುವಾರಕ್ಕೆ ನಾನೊಬ್ಬಳೇ ಹಳಬಳು, ಜೊತೆಗೆ ಹೊಸದಾಗಿ ಸೇರಿದ ಮೂವರು. ಅಕ್ಕನ ರಾಗ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು, ಆದರೆ ಅಷ್ಟು ಎತ್ತರಕ್ಕೆ ನನ್ನ ಗಂಟಲು ಏರುತ್ತಿರಲಿಲ್ಲ; ಶ್ರುತಿ ಇಳಿಸಿದರೆ ಅದರ ತಗ್ಗು ಸ್ವರಗಳು ದಕ್ಕುತ್ತಿರಲಿಲ್ಲ. ನನ್ನದನ್ನೇ ಕಲಿಸಿದೆ. ಈ ವರ್ಷಕ್ಕೆ ಮಾತ್ರ ಅಂದುಕೊಂಡೆ. ಮುಂದಿನ ವರ್ಷ ಅವರಿಗೆ ಅದೇ ಬರುತ್ತಿತ್ತು, ಅದರ ಮುಂದಿನ ವರ್ಷ ಬೆಂಚುಗಳಲ್ಲಿ ಕೂತವರಿಗೂ ಬಂತು. ಫಾದರ್‌ಗಳು ಬಂದರು, ವರ್ಗವಾಗಿ ಹೋದರು; ಮುಂದಿನ ಸಾಲಿನ ಮುದುಕಿಯರು ತೀರಿಕೊಂಡರು. ಹೀಗೆ ಇಡೀ ಚರ್ಚು ಮೂವತ್ತು ವರ್ಷ ರಾಗ ಬಿಟ್ಟು ಬರೀ ಆಸರೆಯನ್ನೇ ಹಾಡು ಅಂದುಕೊಂಡು ಹಾಡಿತು. ಗೊತ್ತಿದ್ದವಳು ನಾನೊಬ್ಬಳೇ, ನಾನು ಬಾಯಿ ಬಿಡಲಿಲ್ಲ.

ಅಕ್ಕನಿಗೂ ಗೊತ್ತಾಗಲಿಲ್ಲ. ಪ್ರತಿ ಪವಿತ್ರ ಗುರುವಾರ ಅವಳು ಕುಣಿಗಲ್ಲಿನಲ್ಲೇ ಪೂಜೆಗೆ ಹೋಗುತ್ತಿದ್ದಳು. ಅಲ್ಲಿ ಲ್ಯಾಟಿನ್ ಹಾಡುವವರೇ ಇರಲಿಲ್ಲ. ಹೋದ ವರ್ಷ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಫೋನ್ ಮಾಡಿದಳು. ಗಂಟಲಲ್ಲಿ ಗಂಟು, ಪಾಸ್ಕ ಆದ ವಾರವೇ ಆಪರೇಷನ್.

"ಡಾಕ್ಟ್ರು ಏನಂತಾರೆ?" ಅಂದೆ.

"ಮಾತಿಗೇನೂ ಆಗಲ್ವಂತೆ. ಮೇಲಿನ ಸ್ವರ ಮಾತ್ರ ಬರ್ದೇ ಹೋಗ್ಬೋದಂತೆ. ಅದಕ್ಕೇ ಈ ಗುರುವಾರ ಅಲ್ಲಿಗೇ ಬರ್ತೀನಿ ಕಣೇ. ನಮ್ಮ ಹಾಡು ಒಂದ್ಸಲ ಹಾಡ್ಬುಡ್ತೀನಿ, ಆಮೇಲೆ ಹೋದ್ರೆ ಹೋಗ್ಲಿ ಬುಡು."

ಮೂರು ವಾರ ಸಮಯವಿತ್ತು. ಪ್ರತಿ ಪ್ರಾಕ್ಟೀಸಿಗೂ ಕ್ವಾಯರಿನವರಿಗೆ ಹೇಳಬೇಕು ಅಂತಲೇ ಹೋದೆ. ಆದರೆ ಬಸ್ಸಿನಲ್ಲಿ ನಿಂತು ಸೋತುಹೋಗಿರುತ್ತಿದ್ದೆ. ಮೂವತ್ತು ವರ್ಷದ್ದನ್ನು ಬಿಚ್ಚಿ ಹೇಳಿ, ಅವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವಷ್ಟು ಕಸುವು ಇರಲಿಲ್ಲ. ಸುಸ್ತು ಅನ್ನುವುದು ಒಳ್ಳೆಯ ನೆಪ. ನಿಜ ಹೇಳಬೇಕೆಂದರೆ ಹೆದರಿದ್ದೆ.

ಗುರುವಾರ ಅಕ್ಕ ತಿಳಿನೀಲಿ ಸೀರೆ ಉಟ್ಟು ಬಂದಳು, ಕೈಯಲ್ಲಿ ಆ ಪುಸ್ತಕ. ಕ್ವಾಯರಿನಲ್ಲಿ ನನ್ನ ಪಕ್ಕದಲ್ಲೇ ನಿಂತಳು. ಮರದ ಹಲಗೆಯ ಸದ್ದಾಯಿತು, ಫಾದರ್ ಪಾತ್ರೆ ಹಿಡಿದು ಮೆಟ್ಟಿಲಿಳಿದರು. ನಾನು ಶುರು ಮಾಡಿದೆ, ಚರ್ಚಿನ ತುಂಬ ಎಲ್ಲರೂ ಸೇರಿಕೊಂಡರು. ಅಕ್ಕ ತನ್ನ ದನಿ ಎತ್ತಿದಳು. ಅರವತ್ತಾದರೂ ಅದೇ ದನಿ, ಅಂಚು ಸ್ವಲ್ಪ ಸವೆದಿತ್ತು ಅಷ್ಟೇ. ಆದರೆ ಜನ ತಿರುಗಿ ತಿರುಗಿ ನೋಡತೊಡಗಿದರು. ನಮ್ಮ ಕೀಬೋರ್ಡ್ ನುಡಿಸುವ ಹುಡುಗಿ, ಕಾಲೇಜಿನಲ್ಲಿ ಲೆಕ್ಚರರ್, ಹುಬ್ಬು ಗಂಟಿಕ್ಕಿ ನನಗೆ ಸನ್ನೆ ಮಾಡಿದಳು. ಇಷ್ಟು ಜನ ಒಂದು ರಾಗ ಹಾಡುವಾಗ ಒಬ್ಬಳೇ ಬೇರೆ ಹಾಡಿದರೆ ಯಾರದು ತಪ್ಪು ಅಂತ ಕಾಣುತ್ತದೆ?

ಮೊದಲ ಚರಣ ಮುಗಿಯುವ ಹೊತ್ತಿಗೆ ಅಕ್ಕನಿಗೆ ಅರ್ಥವಾಗಿತ್ತು. ನನ್ನ ಮುಖ ನೋಡಿದಳು. ನಾನು ಪೀಠದ ಕಡೆ ನೋಡುತ್ತಾ ನಿಂತೆ. ಎರಡನೆಯ ಚರಣಕ್ಕೆ ಅವಳು ಪುಸ್ತಕ ಮುಚ್ಚಿದಳು. ಕೆಳಗಿಳಿದು, ಎಲ್ಲರ ಜೊತೆ ನನ್ನ ದನಿಯನ್ನೇ ಹಾಡಿದಳು. ಒಂದೇ ಒಂದು ಸ್ವರ ತಪ್ಪಲಿಲ್ಲ. ನಾನು ಅವಳದನ್ನು ಕೇಳಿ ಕಲಿತ ಹಾಗೆ ಅವಳೂ ನನ್ನದನ್ನು ಕೇಳಿ ಕಲಿತಿದ್ದಳು.

ಪೂಜೆ ಮುಗಿದು ಹೊರಗೆ ನಾನೊಂದು ಕಡೆ, ಅಕ್ಕ ಇನ್ನೊಂದು ಕಡೆ ಚಪ್ಪಲಿ ಹುಡುಕುತ್ತಿದ್ದಾಗ ಆ ಹುಡುಗಿ ಹತ್ತಿರ ಬಂದಳು. "ಆಂಟಿ, ನಿಮ್ಮಕ್ಕ ಫಸ್ಟ್ ವರ್ಸ್ ಪೂರ್ತಿ ತಪ್ಪು ಹಾಡಿದ್ರಲ್ಲಾ, ಪಾಪ. ಮರ್ತೋಗಿದ್ಯಾ ಅವ್ರಿಗೆ?"

"ಹೂಂ," ಅಂದೆ. "ವಯಸ್ಸಾಯ್ತಲ್ಲ ಅವ್ಳಿಗೆ."

ಸಲೀಸಾಗಿ ಬಂತು ಮಾತು. ಮರುದಿನ, ಶುಭ ಶುಕ್ರವಾರ, ಚರ್ಚಿನಲ್ಲಿ ಓದುವುದೇ ಆ ಕಥೆ, ಕೋಳಿ ಕೂಗುವ ಮೊದಲು ಶಿಷ್ಯನೇ ಹೆದರಿ ಗುರುವನ್ನು ಗೊತ್ತಿಲ್ಲ ಅಂದದ್ದು. ವರ್ಷಾ ವರ್ಷ ಕೇಳಿ, ಎಂಥ ಹೇಡಿ ಅಂದುಕೊಂಡಿದ್ದೆ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಅಕ್ಕ ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. ಕುಣಿಗಲ್ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು, ಬ್ಯಾಗಿನಿಂದ ಪುಸ್ತಕ ತೆಗೆದು ಹೊರಗೆ ಚಾಚಿದಳು.

"ಇಟ್ಕೋ."

"ನಿನ್ನತ್ರಾನೇ ಇರ್ಲಿ ಅಕ್ಕ."

"ನಂಗ್ಯಾಕೆ ಇನ್ನು? ವಯಸ್ಸಾಯ್ತಲ್ಲ," ಅಂದಳು.

ಬಸ್ಸು ಹೊರಟುಹೋಯಿತು. ಪುಸ್ತಕ ನನ್ನ ಕೈಯಲ್ಲಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದನಿ ಮಾತ್ರ ಒಡೆದು ತಗ್ಗಿಹೋಯಿತು.

ಈ ವರ್ಷ ಮೊದಲ ಪ್ರಾಕ್ಟೀಸಿಗೆ ಆ ಪುಸ್ತಕವನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಐದು ಜನ ಬಂದಿದ್ದರು. ಒಬ್ಬರು, "ಇಷ್ಟ್ ವರ್ಷ ನಡೀತಲ್ಲಾ, ಈಗ್ಯಾಕೆ ತಲೆನೋವು?" ಅಂದರು. ಕೀಬೋರ್ಡಿನ ಹುಡುಗಿ ಪುಟ ತಿರುಗಿಸುತ್ತಾ, ಬಾಣಗಳ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು.

"ಹಾಗಾದ್ರೆ ಹೋದ ವರ್ಷ ನಿಮ್ಮಕ್ಕ..."

"ಅವಳೊಬ್ಬಳೇ ಸರಿಯಾಗಿ ಹಾಡಿದ್ದು. ತಪ್ಪು ನಂದು. ನಿನಗೆ ಹೇಳಿದ್ದೂ ಸುಳ್ಳು."

ಆಮೇಲೆ ಒಬ್ಬೊಬ್ಬರಾಗಿ ಪ್ರಯತ್ನಪಟ್ಟರು. ಅರ್ಧ ದಾರಿಗೆ ಕೆಮ್ಮಿದರು, ನಕ್ಕರು, ಬಿಟ್ಟರು. ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

"ಎಲ್ರಿಗೂ ಹೇಳ್ದೆ ಅಕ್ಕ."

"ಒಳ್ಳೇದಾಯ್ತು ಬುಡು," ಅಂದಳು ಆ ಒಡಕು ದನಿಯಲ್ಲಿ. "ಮೇಲಿಂದು ಯಾರ್ ಹಾಡ್ತಾರೆ ಈಗ?"

"ಯಾರ್ಗೂ ಏರಲ್ಲ ಕಣಕ್ಕ," ಅಂದೆ.